ಬೆನ್ನುಹುರಿಯ ಗಡ್ಡೆ ತೆಗೆದ ಸರ್ ವಿಕ್ಟರ್ ಹಾರ್ಸ್ಲಿ

ಈ ಶಾಲೆಯಲ್ಲಿ ಓದಿದ ನಾನು ಈಗ ಬೆಂಗಳೂರಿನ ಆಸ್ಪತ್ರೆಯೊಂದರ ಸ್ಕ್ಯಾನಿಂಗ್ ವಿಭಾಗದಲ್ಲಿದ್ದೇನೆ. ಸಂಚಿಕೆಗೆ ಒಬ್ಬ ಮಹನೀಯರ ಪರಿಚಯ ಬರೆಯಲು ಮೇಷ್ಟ್ರು ಹೇಳಿದ್ದರಿಂದ, ನನ್ನ ಕೆಲಸಕ್ಕೆ ಹತ್ತಿರದವರಾದ ಸರ್ ವಿಕ್ಟರ್ ಹಾರ್ಸ್ಲಿ ಅವರನ್ನು ಆರಿಸಿಕೊಂಡೆ.

ಹಾರ್ಸ್ಲಿ 1857ರಲ್ಲಿ ಲಂಡನ್ನಿನಲ್ಲಿ ಹುಟ್ಟಿದರು. ತಂದೆ ಹೆಸರಾಂತ ಚಿತ್ರಕಾರರು. 1886ರಲ್ಲಿ ಕ್ವೀನ್ ಸ್ಕ್ವೇರ್‌ನ ನರರೋಗ ಆಸ್ಪತ್ರೆಗೆ ಶಸ್ತ್ರಚಿಕಿತ್ಸಕರಾಗಿ ಸೇರಿದರು. ಮರುವರ್ಷ ಅವರ ಬಳಿಗೆ 42 ವರ್ಷದ ಒಬ್ಬ ಸೈನ್ಯಾಧಿಕಾರಿಯನ್ನು ಕರೆತಂದರು. ಮೂರು ವರ್ಷದ ಬೆನ್ನುನೋವು. ಹಲವು ವೈದ್ಯರನ್ನು ಕಂಡರೂ ಕಾರಣ ತಿಳಿದಿರಲಿಲ್ಲ. ಅಷ್ಟರಲ್ಲಿ ಎರಡೂ ಕಾಲು ಸ್ವಾಧೀನ ತಪ್ಪಿದ್ದವು, ಮೂತ್ರವೂ ಹಿಡಿತದಲ್ಲಿರಲಿಲ್ಲ.

ಆಗ ಸ್ಕ್ಯಾನಿಂಗ್ ಇರಲಿ, ಎಕ್ಸ್‌ರೇ ಕೂಡ ಇರಲಿಲ್ಲ. ಬೆನ್ನುಹುರಿಯನ್ನು ಗಡ್ಡೆ ಒತ್ತಿದರೆ ಅಲ್ಲಿಂದ ಕೆಳಗಿನ ಮೈಗೆ ಸ್ಪರ್ಶ ತಿಳಿಯುವುದಿಲ್ಲ. ಪಾದದಿಂದ ಮೇಲಕ್ಕೆ ಮುಟ್ಟುತ್ತಾ ಬಂದರೆ ಎಲ್ಲಿ ಅರಿವು ಮರಳುತ್ತದೋ ಅದರ ಆಸುಪಾಸಿನಲ್ಲಿ ಗಡ್ಡೆ ಇರಬೇಕು. ಈ ಲೆಕ್ಕದಿಂದಲೇ ವೈದ್ಯ ವಿಲಿಯಂ ಗೋವರ್ಸ್ ಜಾಗ ಗುರುತಿಸಿದರು. 1887ರ ಜೂನ್ 9ರಂದು ಹಾರ್ಸ್ಲಿ ಬೆನ್ನುಮೂಳೆ ಬಿಡಿಸಿ ನೋಡಿದರೆ ಅಲ್ಲಿ ಏನೂ ಇಲ್ಲ! ಬೇರೆಯವರಾಗಿದ್ದರೆ ಹೊಲಿಗೆ ಹಾಕಿ ಮುಗಿಸುತ್ತಿದ್ದರೇನೋ. ಅವರು ಇನ್ನಷ್ಟು ಮೇಲಿನ ಮೂಳೆ ತೆಗೆದರು. ಬಾದಾಮಿಯಷ್ಟು ದೊಡ್ಡ ಗಡ್ಡೆ ಸಿಕ್ಕಿತು. ವರ್ಷದೊಳಗೆ ರೋಗಿ ನಡೆದಾಡುತ್ತಾ ದಿನಕ್ಕೆ 16 ಗಂಟೆ ದುಡಿಯುವಂತಾದರು. ಬೆನ್ನುಹುರಿಯ ಗಡ್ಡೆಯನ್ನು ಗುರುತಿಸಿ ತೆಗೆದು ಯಶಸ್ವಿಯಾದದ್ದು ಅದೇ ಮೊದಲು.

ಆ ಗಡ್ಡೆ ಹುರಿಯ ಹೊರಮೈಯಲ್ಲಿತ್ತು. ಹುರಿಯ ಒಳಗೇ ಬೆಳೆದದ್ದನ್ನು ತೆಗೆಯುವುದು ಇಂದಿಗೂ ಕಷ್ಟ. ಸೂಕ್ಷ್ಮದರ್ಶಕದಡಿ ಕೂದಲೆಳೆಯ ಅಂತರದಲ್ಲಿ ಕೆಲಸ ಮಾಡಬೇಕು. ಈಗ ಎಂಆರ್‌ಐ ಗಡ್ಡೆಯ ಜಾಗವನ್ನು ನಿಖರವಾಗಿ ತೋರಿಸುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆಯಿದೆ. ಕಾಫಿ ಕುಯ್ದು, ಮೂಟೆ ಹೊತ್ತ ನಮ್ಮವರಿಗೆ ಬೆನ್ನುನೋವು ಹೊಸದಲ್ಲ, ಬಹುಪಾಲು ಗಡ್ಡೆಯೂ ಅಲ್ಲ. ಆದರೆ ನೋವಿನ ಜೊತೆ ಕಾಲು ಸೋಲುವುದು, ಜೋಮು ಮೇಲೇರುವುದು, ಮೂತ್ರ ಕಟ್ಟುವುದು ಕಂಡರೆ ಎಣ್ಣೆ ನೀವಿಸುತ್ತಾ ದಿನ ಕಳೆಯಬಾರದು. ಒತ್ತಡ ಹೆಚ್ಚು ದಿನ ಉಳಿದರೆ, ಗಡ್ಡೆ ತೆಗೆದರೂ ಕಾಲಿನ ಬಲ ಮರಳದೆ ಹೋಗಬಹುದು. ತಡವಾಗಿ ಬಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾರ್ಸ್ಲಿ ಮದ್ಯಪಾನದ ಕಡುವಿರೋಧಿ, ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದವರು. 1902ರಲ್ಲಿ ಸರ್ ಪದವಿ ಬಂತು. ಮೊದಲ ಮಹಾಯುದ್ಧದಲ್ಲಿ, ಐವತ್ತು ದಾಟಿದ ಮೇಲೂ, ಭಾರತೀಯ ಸೈನಿಕರೂ ಕಾದಾಡುತ್ತಿದ್ದ ಮೆಸೊಪೊಟೇಮಿಯಾಕ್ಕೆ ಹೋಗಿ ಗಾಯಾಳುಗಳ ಆರೈಕೆಯ ದುಃಸ್ಥಿತಿಯ ವಿರುದ್ಧ ದನಿಯೆತ್ತಿದರು. 1916ರ ಜುಲೈ 16ರಂದು, ಅಲ್ಲಿನ ಅಮಾರಾದಲ್ಲಿ, ಸುಡುಬಿಸಿಲಿನ ಹೊಡೆತಕ್ಕೆ ತೀರಿಕೊಂಡರು. ಆಗ ಅವರಿಗೆ 59 ವರ್ಷ.