ಅಕ್ಷಯಕುಮಾರ ದತ್ತರು

ವಂಗದೇಶದ ಮಹನೀಯರೆಂದೊಡನೆ ನಮ್ಮ ವಾಚಕರಿಗೆ ರಾಜಾ ರಾಮಮೋಹನ ರಾಯರು, ಈಶ್ವರಚಂದ್ರ ವಿದ್ಯಾಸಾಗರರು, ಬಂಕಿಮಬಾಬುಗಳು ನೆನಪಿಗೆ ಬರುವುದು ಸಹಜವಾಗಿದೆ. ಕೀರ್ತಿಶೇಷರಾದ ಬಿ. ವೆಂಕಟಾಚಾರ್ಯರು ವಂಗಭಾಷೆಯನ್ನು ಕಲಿತು ವಿದ್ಯಾಸಾಗರರನ್ನೂ ಬಂಕಿಮರನ್ನೂ ಕನ್ನಡಿಗರ ಮನೆಬಾಗಿಲಿಗೆ ತಂದರಾಗಿ ಅವರು ನಮ್ಮವರೇ ಎಂಬಂತಾಗಿದ್ದಾರೆ. ಆದರೆ ವಿದ್ಯಾಸಾಗರರು ಹುಟ್ಟಿದ ವರ್ಷದಲ್ಲಿಯೇ ಹುಟ್ಟಿ, ಅದೇ ಕಲಕತ್ತೆಯಲ್ಲಿ ಹನ್ನೆರಡು ವರ್ಷಗಳ ಕಾಲ ಒಂದು ಮಾಸಪತ್ರಿಕೆಯನ್ನು ನಡೆಯಿಸಿ, ಯಾವ ಮಾತನ್ನೂ ಪರೀಕ್ಷಿಸದೆ ನಂಬಬಾರದೆಂಬ ಬುದ್ಧಿಯನ್ನು ದೇಶಭಾಷೆಯಲ್ಲಿಯೇ ಜನರಿಗೆ ಕಲಿಸಿದ ಅಕ್ಷಯಕುಮಾರ ದತ್ತರ ಹೆಸರು, ಅವರ ನಾಡಿನಲ್ಲಿ ಪ್ರಸಿದ್ಧವಾಗಿದ್ದರೂ ನಮ್ಮ ಕಡೆಯಲ್ಲಿ ಕೇಳಿಬರುವುದು ಅಪರೂಪ.

ದತ್ತರು 1820ನೆಯ ಇಸವಿ ಜುಲೈ 15ರಂದು ಬರ್ದ್ವಾನ್ ಪ್ರಾಂತದ ಚುಪಿ ಎಂಬ ಗ್ರಾಮದಲ್ಲಿ ಜನಿಸಿದರು. ತಂದೆ ಪೀತಾಂಬರ ದತ್ತರು. ಬಾಲಕನು ಕಲಕತ್ತೆಗೆ ಬಂದು ಓರಿಯೆಂಟಲ್ ಸೆಮಿನರಿಯಲ್ಲಿ ಓದುತ್ತಿರುವಾಗಲೇ ತಂದೆಯವರು ಕಾಲವಾದರು. ಹತ್ತೊಂಬತ್ತನೆಯ ವಯಸ್ಸಿನ ಸುಮಾರಿಗೆ ಶಾಲೆಯ ಓದು ಮುಗಿಯಿತು. ಆಮೇಲಿನದೆಲ್ಲವೂ ಸ್ವಂತ ದುಡಿಮೆ. ಈಶ್ವರಚಂದ್ರ ಗುಪ್ತರ ಸಂವಾದ ಪ್ರಭಾಕರಕ್ಕೆ ಇಂಗ್ಲಿಷಿನಿಂದ ಭಾಷಾಂತರ ಮಾಡಿಕೊಡುವುದರಿಂದ ಅವರ ಗದ್ಯವ್ಯವಸಾಯವು ಮೊದಲಾಯಿತು. 1840ರಲ್ಲಿ ತತ್ತ್ವಬೋಧಿನೀ ಪಾಠಶಾಲೆಯ ಉಪಾಧ್ಯಾಯರಾದರು. ಮಕ್ಕಳಿಗೆ ಓದಿಸಲು ಪುಸ್ತಕವಿಲ್ಲದ ಕಾರಣ ಮರುವರ್ಷವೇ ತಾವೇ ಒಂದು ಭೂಗೋಳವನ್ನು ಬರೆದರು.

ದೇವೇಂದ್ರನಾಥ ಠಾಕೂರರು 1843ರಲ್ಲಿ ತತ್ತ್ವಬೋಧಿನೀ ಪತ್ರಿಕೆಯನ್ನು ಹೊರಡಿಸಿದಾಗ ಅದರ ಸಂಪಾದಕತ್ವವು ಅಕ್ಷಯಕುಮಾರರಿಗೆ ಬಂದಿತು. ಪತ್ರಿಕೆಯ ಉದ್ದೇಶವು ಬ್ರಹ್ಮೋಪಾಸನೆಯ ಪ್ರಚಾರ. ಸಂಪಾದಕರ ಮನಸ್ಸಾದರೋ ಗ್ರಹಗಳ ಚಲನೆ, ಪ್ರಾಣಿಗಳ ಸ್ವಭಾವ, ಜ್ವಾಲಾಮುಖಿ, ಪುರಾತನ ಶಾಸನ ಮೊದಲಾದವುಗಳ ಕಡೆಗೆ ಹರಿಯತಕ್ಕದ್ದು. ಅವರು ಪ್ರಕೃತಿಗೂ ಮನುಷ್ಯನಿಗೂ ಇರುವ ಸಂಬಂಧವನ್ನು ಹುಡುಕುತ್ತಿದ್ದರು. ತಾವು ಈಶ್ವರನಿಗೂ ಮನುಷ್ಯನಿಗೂ ಇರುವ ಸಂಬಂಧವನ್ನು ಹುಡುಕುತ್ತಿದ್ದೆವೆಂದೂ, ಇವೆರಡಕ್ಕೂ ಭೂಮ್ಯಾಕಾಶಗಳ ಅಂತರವೆಂದೂ ದೇವೇಂದ್ರನಾಥರೇ ತಮ್ಮ ಆತ್ಮಚರಿತ್ರೆಯಲ್ಲಿ ಒಪ್ಪಿಕೊಂಡಿದ್ದಾರೆ. ಆದರೂ ಧಣಿಯು ಸಂಪಾದಕನನ್ನು ಬಿಡಿಸಲಿಲ್ಲ, ಸಂಪಾದಕನು ಧಣಿಗೆ ಬಾಗಲಿಲ್ಲ. ಪತ್ರಿಕೆಗೆ ಬರುವ ಲೇಖನಗಳನ್ನು ಪರಿಶೀಲಿಸಲು ಏರ್ಪಟ್ಟ ಮಂಡಲಿಯಲ್ಲಿ ವಿದ್ಯಾಸಾಗರರೂ ರಾಜೇಂದ್ರಲಾಲ ಮಿತ್ರರೂ ಇದ್ದರು. ಧಣಿಯೂ ಸಂಪಾದಕನೂ ಒಬ್ಬನೇ ಆಗಿರುವ ನಮ್ಮಂತಹವರಿಗೆ ಈ ತೊಡಕುಗಳಿಲ್ಲ. ನಮ್ಮ ತಪ್ಪನ್ನು ನಮ್ಮೆದುರಿಗೇ ಹೊಡೆದುಹಾಕುವವರೂ ಇಲ್ಲ.

ಅವರಿಬ್ಬರಿಗೂ ಉಂಟಾದ ವಿವಾದಗಳಲ್ಲಿ ದೊಡ್ಡದು ವೇದಪ್ರಾಮಾಣ್ಯದ್ದು. ವೇದವು ಅಪೌರುಷೇಯವೆಂದೂ ದೋಷರಹಿತವೆಂದೂ ಬ್ರಾಹ್ಮಸಮಾಜದವರು ಮೊದಲು ನಂಬಿದ್ದರು. ಯಾವ ಗ್ರಂಥಕ್ಕೂ ಈ ಪದವಿ ಸಲ್ಲದು, ಈ ವಿಶ್ವವೇ ಶಾಸ್ತ್ರವೆಂದು ದತ್ತರು ವರ್ಷಗಟ್ಟಲೆ ವಾದಿಸಿದರು. ದೇವೇಂದ್ರನಾಥರು ವೇದಾಧ್ಯಯನಕ್ಕಾಗಿ ನಾಲ್ವರನ್ನು ಕಾಶಿಗೆ ಕಳುಹಿಸಿದರು, ತಾವೂ ಹೋಗಿಬಂದರು, ಕಡೆಗೆ 1850ರ ಸುಮಾರಿಗೆ ಸಮಾಜವು ಆ ನಂಬಿಕೆಯನ್ನು ಕೈಬಿಟ್ಟಿತು. ಇಷ್ಟಕ್ಕೆ ನಿಲ್ಲದೆ ದತ್ತರು ಆತ್ಮೀಯ ಸಭೆಯೊಂದನ್ನು ಕೂಡಿಸಿ, ಈಶ್ವರನು ಆನಂದಸ್ವರೂಪನೆ ಅಲ್ಲವೆ ಎಂಬುದನ್ನು ಕೈಯೆತ್ತಿಸಿ ಬಹುಮತದಿಂದ ನಿರ್ಣಯಿಸಿದರೆಂದು ದೇವೇಂದ್ರನಾಥರು ನೊಂದು ಬರೆದಿದ್ದಾರೆ. ಇದರಲ್ಲಿ ನಮ್ಮ ಸಹಾನುಭೂತಿಯು ದೇವೇಂದ್ರನಾಥರ ಪಕ್ಷಕ್ಕಿದೆ. ಒಂದು ಪುಸ್ತಕವು ಹೇಳಿದ್ದರಿಂದ ಸತ್ಯವಾಗದ ವಿಷಯವು ಹತ್ತು ಮಂದಿ ಕೈಯೆತ್ತಿದ್ದರಿಂದ ಸತ್ಯವಾಗುವುದು ಹೇಗೆ?

ಪ್ರಾರ್ಥನೆಯ ವಿಷಯದಲ್ಲಿ ಅವರು ವಿದ್ಯಾರ್ಥಿಗಳಿಗೆ ಹೇಳಿದ ಲೆಕ್ಕವು ಕಲಕತ್ತೆಯಲ್ಲೆಲ್ಲಾ ಹಬ್ಬಿತು. ಒಕ್ಕಲಿಗನು ದುಡಿದರೆ ಬೆಳೆ ಬರುತ್ತದೆ. ದುಡಿದು ಪ್ರಾರ್ಥನೆಯನ್ನೂ ಮಾಡಿದರೆ ಅಷ್ಟೇ ಬೆಳೆ ಬರುತ್ತದೆ. ಹಾಗಾದರೆ ಬೀಜಗಣಿತದ ರೀತಿಯಿಂದ ಪ್ರಾರ್ಥನೆಯ ಬೆಲೆಯು ಸೊನ್ನೆ. ಆಸ್ತಿಕರು ಕೆರಳಿದರು, ಹುಡುಗರು ಕುಣಿದಾಡಿದರು. ಬೆಳೆಗಾಗಿಯಲ್ಲದೆ ಮನಶ್ಶಾಂತಿಗಾಗಿ ಪ್ರಾರ್ಥಿಸುವವನನ್ನು ಈ ಲೆಕ್ಕವು ಮುಟ್ಟಲಾರದೆಂದು ನಮಗೆ ತೋರುತ್ತದೆ. ಆದರೆ ಕೆರೆಯ ಹೂಳನ್ನು ತೆಗೆಯಿಸದೆ ಮಳೆಗಾಗಿ ಪೂಜೆ ಮಾಡಿಸುವ ಊರಿನವರಿಗೆ ಇದರ ಉತ್ತರವು ಸುಲಭವಲ್ಲ.

ಭಾಷೆಗೆ ಅವರು ಮಾಡಿದ ಸೇವೆಯನ್ನು ಕನ್ನಡಿಗರು ವಿಶೇಷವಾಗಿ ಗಮನಿಸಬೇಕು. ಆ ಕಾಲದಲ್ಲಿ ಭೌತಶಾಸ್ತ್ರವನ್ನು ವಂಗಭಾಷೆಯಲ್ಲಿ ಹೇಳಲು ಶಬ್ದಗಳೇ ಇರಲಿಲ್ಲ. ಅವರು ಮೆಡಿಕಲ್ ಕಾಲೇಜಿಗೆ ಹೋಗಿ ರಸಾಯನ, ಸಸ್ಯಶಾಸ್ತ್ರಗಳ ಉಪನ್ಯಾಸಗಳನ್ನು ಕೇಳಿ, ಸಂಸ್ಕೃತದ ಧಾತುಗಳಿಂದ ದೂರವೀಕ್ಷಣ, ಅಣುವೀಕ್ಷಣ ಮುಂತಾದ ಶಬ್ದಗಳನ್ನು ರೂಢಿಗೆ ತಂದರು. ಚಾರುಪಾಠದ ಮೂರು ಭಾಗಗಳೂ, 1856ರ ಪದಾರ್ಥವಿದ್ಯೆಯೂ ಎಷ್ಟೋ ತಲೆಮಾರಿನ ಮಕ್ಕಳಿಗೆ ಪಠ್ಯಗಳಾದುವು. ಹೌರಾದಿಂದ ರೈಲು ಹೊರಟ ಮರುವರ್ಷವೇ, ಅಂದರೆ 1855ರಲ್ಲಿ, ಹೊಗೆಬಂಡಿಯನ್ನು ಹತ್ತುವವರು ಎಚ್ಚರದಿಂದಿರಬೇಕಾದ ಬಗೆಯನ್ನು ತಿಳಿಸುವ ಚಿಕ್ಕ ಪುಸ್ತಕವನ್ನೂ ಬರೆದರು! ದೇಶಭಾಷೆಯಲ್ಲಿ ಶಾಸ್ತ್ರವನ್ನು ಹೇಳಲಾಗದೆಂದು ಇಂದಿಗೂ ನಿಟ್ಟುಸಿರುಬಿಡುವ ಪದವೀಧರರು ಈ ಪುಸ್ತಕಗಳ ಪಟ್ಟಿಯನ್ನು ಒಮ್ಮೆ ನೋಡಲಿ.

ಇಷ್ಟು ಎಚ್ಚರಿಕೆಯ ಮನುಷ್ಯನೂ ಒಂದು ಕಡೆ ಎಡವಿದನು. 1851ರಿಂದ ಎರಡು ಭಾಗಗಳಾಗಿ ಹೊರಬಂದ, ಬಾಹ್ಯವಸ್ತುಗಳಿಗೂ ಮಾನವ ಪ್ರಕೃತಿಗೂ ಇರುವ ಸಂಬಂಧವನ್ನು ಕುರಿತ ಅವರ ಗ್ರಂಥವು ಎಡಿಂಬರೊ ನಗರದ ಜಾರ್ಜ್ ಕೂಂಬನು 1828ರಲ್ಲಿ ಪ್ರಕಟಿಸಿದ ಪುಸ್ತಕವನ್ನು ಅನುಸರಿಸಿದುದು. ಕೂಂಬನು ತಲೆಬುರುಡೆಯ ಉಬ್ಬುತಗ್ಗುಗಳಿಂದ ಮನೋಗುಣಗಳನ್ನು ಹೇಳಬಹುದೆಂಬ ಮತದವನು. ದತ್ತರು ಕೈಗೊಂಡ ಮನೋವೃತ್ತಿಗಳ ವಿಂಗಡಣೆಯು ಅಲ್ಲಿಂದ ಬಂದುದು. ಫ್ರಾನ್ಸಿನ ಫ್ಲೂರಾನ್ಸನು ಪ್ರಾಣಿಗಳ ಮಿದುಳನ್ನು ಪರೀಕ್ಷಿಸಿ ಈ ಮತವನ್ನು ಖಂಡಿಸಿ 1842ರಲ್ಲಿಯೇ ಪುಸ್ತಕ ಬರೆದಿದ್ದನು. ಕೈಯ ರೇಖೆ ನೋಡುವ ನಮ್ಮ ಸಾಮುದ್ರಿಕವನ್ನು ನಗುವ ವಿದ್ಯಾವಂತರು ಹಡಗಿನಲ್ಲಿ ಬಂದ ತಲೆಯ ಸಾಮುದ್ರಿಕವನ್ನು ಶಾಸ್ತ್ರವೆಂದು ಗೌರವಿಸಿದರು. ನಿಯಮಗಳಿಂದ ನಡೆಯುವ ಜಗತ್ತೆಂಬ ಗ್ರಂಥದ ಮುಖ್ಯ ಮಾತು ನಿಂತಿತು. ಬುರುಡೆಯ ವಿದ್ಯೆಯು ಬಿದ್ದುಹೋಯಿತು.

ಪುಸ್ತಕದ ಹುಳುವೆಂದು ಅವರನ್ನು ತಿಳಿಯಬಾರದು. 1850ರಲ್ಲಿ ಹಳ್ಳಿಯ ರೈತರ ದುರವಸ್ಥೆಯನ್ನು ಕುರಿತು ಅವರು ಬರೆದ ಲೇಖನಮಾಲೆಯು ಜಮೀನ್ದಾರರ ಸುಲಿಗೆಯನ್ನೂ ನೀಲಿಯ ತೋಟದ ಬಿಳಿಯರ ಕ್ರೌರ್ಯವನ್ನೂ ಬಯಲಿಗೆಳೆಯಿತು. ನೀಲಿಯ ರೈತರು ತಿರುಗಿಬಿದ್ದುದು 1859ರಲ್ಲಿ. ನೀಲದರ್ಪಣ ನಾಟಕವು ಬಂದುದು 1860ರಲ್ಲಿ. ಜಮೀನ್ದಾರರ ಮನೆತನದ ಹಣದಿಂದ ನಡೆಯುವ ಪತ್ರಿಕೆಯಲ್ಲಿ ಜಮೀನ್ದಾರರ ವಿರುದ್ಧ ಬರೆಯಲು ಬೇಕಾದ ಎದೆಗಾರಿಕೆಯನ್ನು ವೃತ್ತಿಬಾಂಧವರು ಬಲ್ಲರು.

1855ರಲ್ಲಿ ಅವರು ಪ್ರಾರ್ಥನಾಸಭೆಯಲ್ಲಿಯೇ ಮೂರ್ಛೆಹೋದರು. ಅಂದಿನಿಂದ ತಲೆಯ ಬೇನೆಯು ಅವರನ್ನು ಬಿಡಲಿಲ್ಲ. ಪತ್ರಿಕೆಯ ಕೆಲಸವು ತಪ್ಪಿತು. ವಿದ್ಯಾಸಾಗರರು ಅವರನ್ನು ಹೊಸ ನಾರ್ಮಲ್ ಸ್ಕೂಲಿನ ಮುಖ್ಯೋಪಾಧ್ಯಾಯರನ್ನಾಗಿ ಮಾಡಿದರು. 1858ರಲ್ಲಿ ಅದನ್ನೂ ಬಿಡಬೇಕಾಯಿತು. ತತ್ತ್ವಬೋಧಿನೀ ಸಭೆಯು ತಿಂಗಳಿಗೆ 25 ರೂಪಾಯಿ ವೇತನವನ್ನು ಗೊತ್ತುಮಾಡಿತು. ಪುಸ್ತಕಗಳ ಉತ್ಪತ್ತಿಯು ಹೆಚ್ಚಿದೊಡನೆ ದತ್ತರು ಅದನ್ನು ಬೇಡವೆಂದರು.

ಗಂಗಾತೀರದ ಬಾಲಿಯಲ್ಲಿ ಮನೆಯನ್ನು ಕಟ್ಟಿಸಿ, ಬಗೆಬಗೆಯ ಗಿಡಮರಗಳನ್ನು ನೆಟ್ಟು ಶೋಭನೋದ್ಯಾನವೆಂದು ಹೆಸರಿಟ್ಟರು. ಓದಿದರೂ ಬರೆದರೂ ತಲೆ ಸಿಡಿಯುವ ಆ ಸ್ಥಿತಿಯಲ್ಲಿ, ಎರಡು ಮೂರು ಪಂಕ್ತಿಗಳಂತೆ ಬಾಯಿಂದ ಹೇಳಿ ಬರೆಯಿಸಿದ ಗ್ರಂಥವೇ ಭಾರತವರ್ಷೀಯ ಉಪಾಸಕ ಸಂಪ್ರದಾಯ. ವಿಲ್ಸನ್ ಪಂಡಿತನ ಬರಹವನ್ನು ಆಧಾರವಾಗಿಟ್ಟುಕೊಂಡು, ಅದರಲ್ಲಿಲ್ಲದ ಬಾವುಲ ಮುಂತಾದ ಬಡಜನರ ಪಂಥಗಳನ್ನು ತಾವೇ ವಿಚಾರಿಸಿ ಸೇರಿಸಿದರು. ಅದರ ದೀರ್ಘವಾದ ಪೀಠಿಕೆಗಳಲ್ಲಿ ಸಂಸ್ಕೃತ, ಪಾರಸಿಕ, ಗ್ರೀಕ್ ಭಾಷೆಗಳ ಬಾಂಧವ್ಯವನ್ನು ವಿವರಿಸಿದರು. ಸಾಂಖ್ಯವೂ ಮೀಮಾಂಸೆಯೂ ಸೃಷ್ಟಿಕರ್ತನನ್ನು ಒಪ್ಪದ ದರ್ಶನಗಳೆಂಬುದನ್ನು ಎತ್ತಿತೋರಿಸಿದರು. ಸಂಶಯವು ಪಶ್ಚಿಮದಿಂದ ತಂದ ಸರಕೆಂದು ಹೇಳುವವರಿಗೆ ಅವರ ಉತ್ತರವು ಇದೇ. ಮೊದಲ ಭಾಗವು 1870ರಲ್ಲಿಯೂ ಎರಡನೆಯದು 1883ರಲ್ಲಿಯೂ ಹೊರಬಂದುವು. 1886ನೆಯ ಇಸವಿ ಮೇ ತಿಂಗಳಲ್ಲಿ ಅವರು ಬಾಲಿಯಲ್ಲಿ ತೀರಿಕೊಂಡರು. ಮುಂದೆ ವಂಗಭಾಷೆಯ ಪ್ರಸಿದ್ಧ ಕವಿಯಾದ ಮೊಮ್ಮಗ ಸತ್ಯೇಂದ್ರನಾಥನು ಆಗ ನಾಲ್ಕು ವರ್ಷದ ಮಗು.