ಕ್ಯಾಂಬೆಲ್ ಆಸ್ಪತ್ರೆಯ ಬ್ರಹ್ಮಚಾರಿಗಳು

ಮಹಾಪುರುಷರ ಚರಿತ್ರೆಗಳನ್ನು ಬರೆಯುವ ನಮ್ಮ ಪರಿಪಾಟಿಯಲ್ಲಿ ವೈದ್ಯರಿಗೆ ದೊರೆತಿರುವ ಸ್ಥಳ ತೀರ ಸ್ವಲ್ಪ. ರಾಜರು, ಸಂತರು, ಕವಿಗಳು, ದೇಶಭಕ್ತರು ನಮ್ಮ ವಾಚನ ಪುಸ್ತಕಗಳಲ್ಲಿ ಸಾಲುಗಟ್ಟಿ ನಿಂತಿದ್ದಾರೆ. ವೈದ್ಯನು ಅಲ್ಲಿಗೆ ಬಂದರೆ ಕರುಣಾಳುವಾಗಿ ಬರುತ್ತಾನೆ, ಬಡವರಿಂದ ಹಣ ಮುಟ್ಟದ ಧರ್ಮಾತ್ಮನಾಗಿ ಬರುತ್ತಾನೆ. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು, ಕಂಡದ್ದನ್ನು ಬರೆದಿಟ್ಟು, ಬರೆದುದನ್ನು ತೂಗಿ ನೋಡಿ ಸತ್ಯವನ್ನು ಅರಸುವ ಸಾಧಕನಾಗಿ ಅವನು ಬರುವುದು ಅಪೂರ್ವ. ಕರುಣೆ ದೊಡ್ಡ ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಔಷಧವೇ ಇಲ್ಲದ ರೋಗದೆದುರು ಕರುಣೆಯೊಂದೇ ಏನು ಮಾಡಬಲ್ಲದು? ಈ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ಕೊಟ್ಟ ಒಬ್ಬ ಹಿರಿಯರ ವಿಷಯವನ್ನು ವಾಚಕರ ಮುಂದಿಡುವುದು ನನ್ನ ಉದ್ದೇಶ. ನಾನು ವೈದ್ಯಶಾಸ್ತ್ರವನ್ನು ಓದಿದವನಲ್ಲ. ಕನ್ನಡ ಪಾಠ ಹೇಳುವವನು. ಆದರೂ ಈ ಚರಿತ್ರೆ ವೈದ್ಯರಿಗೆ ಮಾತ್ರ ಮೀಸಲಾಗಿ ಉಳಿಯಬಾರದೆಂದು ನನಗೆ ತೋರಿದೆ.

ಇವರು ಉಪೇಂದ್ರನಾಥ ಬ್ರಹ್ಮಚಾರಿಗಳು. ಬ್ರಹ್ಮಚಾರಿ ಎಂಬುದು ಮನೆತನದ ಹೆಸರು, ಅವರು ಗೃಹಸ್ಥರೇ. 1873ರ ಡಿಸೆಂಬರಿನಲ್ಲಿ ಅವರು ಬಿಹಾರದ ಜಮಾಲ್‌ಪುರದಲ್ಲಿ ಜನಿಸಿದರು. ತಂದೆ ನೀಲಮಣಿ ಬ್ರಹ್ಮಚಾರಿಗಳು ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ವೈದ್ಯರು. ರೋಗ, ಔಷಧಗಳ ಮಾತು ಮನೆಯಲ್ಲಿ ಹುಟ್ಟಿನಿಂದಲೇ ಕೇಳಿದ್ದರೂ ಬಾಲಕನ ಬುದ್ಧಿ ಮೊದಲು ಹರಿದದ್ದು ಬೇರೆ ದಿಕ್ಕಿಗೆ. ಹೂಗ್ಲಿಯ ಕಾಲೇಜಿನಲ್ಲಿ ಅವರು ಗಣಿತವನ್ನೂ ರಸಾಯನಶಾಸ್ತ್ರವನ್ನೂ ಓದಿ 1893ರಲ್ಲಿ ಬಿ.ಎ. ಪದವಿ ಪಡೆದರು. ಮರುವರ್ಷ, ಪ್ರಫುಲ್ಲಚಂದ್ರ ರಾಯರಂಥ ಆಚಾರ್ಯರಿದ್ದ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಿಂದ ರಸಾಯನಶಾಸ್ತ್ರದಲ್ಲಿ ಎಂ.ಎ. ಆದರು. ವೈದ್ಯವಿದ್ಯೆ ಬಂದದ್ದು ಆ ಬಳಿಕ. 1902ರಲ್ಲಿ ಎಂ.ಡಿ., 1904ರಲ್ಲಿ ರಕ್ತಕಣಗಳು ಒಡೆಯುವ ಕ್ರಿಯೆಯನ್ನು ಕುರಿತ ಪ್ರಬಂಧಕ್ಕಾಗಿ ಪಿಎಚ್.ಡಿ. ದೊರೆತವು. ಗಣಿತದ ಕಟ್ಟುನಿಟ್ಟು, ರಸಾಯನದ ಕೈಚಳಕ, ವೈದ್ಯನ ಕಣ್ಣು—ಈ ಮೂರೂ ಒಬ್ಬರಲ್ಲೇ ಸೇರುವುದು ವಿರಳ. ಮುಂದೆ ನಡೆದ ಕಾರ್ಯಕ್ಕೆ ಮೂರೂ ಬೇಕಾದವು.

ಢಾಕಾದ ವೈದ್ಯಶಾಲೆಯಲ್ಲಿ ಕೆಲವು ವರ್ಷ ಪಾಠ ಹೇಳಿದ ಮೇಲೆ, 1905ರಲ್ಲಿ ಅವರು ಕಲ್ಕತ್ತೆಯ ಸಿಯಾಲ್ದಾದಲ್ಲಿದ್ದ ಕ್ಯಾಂಬೆಲ್ ವೈದ್ಯಶಾಲೆಗೆ ಅಧ್ಯಾಪಕರಾಗಿಯೂ ಅಲ್ಲಿನ ಆಸ್ಪತ್ರೆಗೆ ವೈದ್ಯರಾಗಿಯೂ ಬಂದರು. ಕಲ್ಕತ್ತೆಯಲ್ಲಿ ಆಗ ಹೆಸರುವಾಸಿಯಾದ ಮೆಡಿಕಲ್ ಕಾಲೇಜು ಒಂದಿತ್ತು. ಕ್ಯಾಂಬೆಲ್ ಆ ಮಟ್ಟದ್ದಲ್ಲ. ಪದವಿಯಿಲ್ಲದ ಕಿರಿಯ ತರಗತಿಯ ವೈದ್ಯರನ್ನು ತಯಾರಿಸುವ ಶಾಲೆ ಅದು. ಆಸ್ಪತ್ರೆಯಾದರೋ ನಗರದ ಮತ್ತು ಸುತ್ತಣ ಹಳ್ಳಿಗಳ ಬಡವರ ಆಸರೆ. ಸುಮಾರು 20 ವರ್ಷ ಬ್ರಹ್ಮಚಾರಿಗಳು ಅಲ್ಲಿ ದುಡಿದರು. ಜನ ತಂದ ರೋಗವೆಲ್ಲ ಅವರಿಗೆ ಅಧ್ಯಯನದ ವಸ್ತುವಾಯಿತು. ಮಲೇರಿಯದ ಹಲವು ರೂಪಗಳು, ಬಂಗಾಳದ ಹಳ್ಳಿಗಳನ್ನು ಹಿಂಡಿದ ಬರ್ದ್ವಾನ್ ಜ್ವರ, ಮೂತ್ರ ಕಪ್ಪಾಗುವ ಜ್ವರ, ಆನೆಕಾಲು ರೋಗ, ಕುಷ್ಠ, ಮಿದುಳು ಪೊರೆಯ ಉರಿಯೂತ—ಇವೆಲ್ಲವನ್ನು ಕುರಿತು ಅವರು ಬರೆದರು. ಒಂದು ರೋಗಕ್ಕೆ ಒಬ್ಬ ಪಂಡಿತನೆಂಬ ಈ ಕಾಲದ ವಿಭಾಗಕ್ರಮ ಅಂಥ ಆಸ್ಪತ್ರೆಯಲ್ಲಿ ಸಾಧ್ಯವೂ ಇರಲಿಲ್ಲ. ಬಾಗಿಲಿಗೆ ಬಂದವನ ರೋಗವೇ ಅಂದಿನ ಪಾಠ.

ಹೀಗೆ ಬಾಗಿಲಿಗೆ ಬಂದವರಲ್ಲಿ ಒಂದು ಬಗೆಯವರು ಮತ್ತೆ ಮತ್ತೆ ಬರುತ್ತಿದ್ದರು. ತಿಂಗಳುಗಟ್ಟಲೆ ಬಿಡದ ಜ್ವರ, ಒಣಗಿದ ಕೈಕಾಲು, ಗುಲ್ಮ ಬೆಳೆದು ಗಡಿಗೆಯಂತಾದ ಹೊಟ್ಟೆ, ದಿನದಿನಕ್ಕೆ ಕಪ್ಪಿಡುವ ಚರ್ಮ. ಕೊನೆಗೆ ಆಮಶಂಕೆಯೋ ಶ್ವಾಸಕೋಶದ ಜ್ವರವೋ ಬಂದು ಪ್ರಾಣ ಹೋಗುತ್ತಿತ್ತು. ಇದಕ್ಕೆ ಜನ ಇಟ್ಟ ಹೆಸರು ಕಾಲಾ ಆಜಾರ್. ಆಜಾರ್ ಎಂಬುದು ಪಾರಸಿಯಿಂದ ಬಂದ ಮಾತು, ರೋಗವೆಂದು ಅರ್ಥ. ನಮ್ಮ ಉತ್ತರ ಕರ್ನಾಟಕದಲ್ಲಿ ಕಾಯಿಲೆ ಬಿದ್ದವನನ್ನು ಆಜಾರಿ ಬಿದ್ದಿದ್ದಾನೆ ಎನ್ನುವಾಗ ಅದೇ ಶಬ್ದ ನಮ್ಮ ನಾಲಗೆಯ ಮೇಲೂ ಆಡುತ್ತದೆ. ಶಬ್ದ ನಮ್ಮಲ್ಲಿಗೆ ಬಂದಿತು. ಆ ಕರಿಯ ರೋಗ ಮಾತ್ರ ಗಂಗೆ ಬ್ರಹ್ಮಪುತ್ರಗಳ ಬಯಲನ್ನೇ ಹೆಚ್ಚಾಗಿ ತನ್ನ ಮನೆ ಮಾಡಿಕೊಂಡಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅದು ಗಾರೋ ಬೆಟ್ಟಗಳಿಂದ ಅಸ್ಸಾಮಿನ ಕಣಿವೆಯೊಳಕ್ಕೆ ಹಳ್ಳಿಯಿಂದ ಹಳ್ಳಿಗೆ ನಡೆದು ಹೋಯಿತು. 1891ಕ್ಕೂ 1901ಕ್ಕೂ ನಡುವೆ ನೌಗಾಂವ್ ಜಿಲ್ಲೆಯ ಜನಸಂಖ್ಯೆ ಬೆಳೆಯುವ ಬದಲು ಬಹಳವಾಗಿ ಕುಸಿಯಿತೆಂದು ಜನಗಣತಿಯೇ ಸಾಕ್ಷಿ ನುಡಿಯುತ್ತದೆ. ಚಿಕಿತ್ಸೆ ದೊರೆಯದ ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸಾಯುತ್ತಿದ್ದರು.

ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿ 1903ರಲ್ಲಿ ಪತ್ತೆಯಾಗಿತ್ತು. ದಂಡಿನಲ್ಲಿದ್ದ ವಿಲಿಯಂ ಲೀಶ್ಮನ್ ಅದನ್ನು ಕಲ್ಕತ್ತೆಯ ಸಮೀಪದ ಡಂಡಂನಿಂದ ಹಿಂದಿರುಗಿ ಸತ್ತ ಸೈನಿಕನೊಬ್ಬನ ಗುಲ್ಮದಲ್ಲಿ ಕಂಡರು. ಮದರಾಸಿನಲ್ಲಿ ಚಾರ್ಲ್ಸ್ ಡಾನೊವನ್ ಅದನ್ನೇ ಸ್ವತಂತ್ರವಾಗಿ ಕಂಡರು. ಇಬ್ಬರ ಹೆಸರೂ ಆ ಜೀವಿಯ ಹೆಸರಿನಲ್ಲಿ ಕೂಡಿಕೊಂಡವು. ಶತ್ರುವಿನ ಗುರುತು ಸಿಕ್ಕಿತು, ಆಯುಧ ಸಿಗಲಿಲ್ಲ. 1915ರಲ್ಲಿ ಇಟಲಿಯಲ್ಲಿಯೂ, ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರಾಜರ್ಸರಿಂದಲೂ ಆಂಟಿಮನಿ ಎಂಬ ಧಾತುವಿನ ಒಂದು ಲವಣ ರಕ್ತನಾಳದ ಮೂಲಕ ಪ್ರಯೋಗವಾಯಿತು. ಅದು ಆಶೆ ಹುಟ್ಟಿಸಿದ ಔಷಧ, ಆದರೆ ಕ್ರೂರವಾದ ಔಷಧ. ತಿಂಗಳುಗಟ್ಟಲೆ ಚುಚ್ಚಿಸಿಕೊಳ್ಳಬೇಕು, ವಾಂತಿ, ಕೆಮ್ಮು, ಕೀಲುನೋವು ಬೆನ್ನು ಹತ್ತುತ್ತವೆ, ಕೆಲವರ ಹೃದಯ ಅದನ್ನು ತಾಳದು. ಹೊಟ್ಟೆಪಾಡಿನ ಕೂಲಿಯವನು ಎರಡು ಮೂರು ತಿಂಗಳು ಆಸ್ಪತ್ರೆಗೆ ಅಲೆಯುವುದು ಹೇಗೆ? ಅರ್ಧದಲ್ಲಿ ಬಿಟ್ಟು ಹೋದವನಿಗೆ ರೋಗ ಮರಳುತ್ತಿತ್ತು.

ಬ್ರಹ್ಮಚಾರಿಗಳ ಒಳಗಿದ್ದ ರಸಾಯನಜ್ಞ ಎಚ್ಚೆತ್ತದ್ದು ಈ ಎಡೆಯಲ್ಲಿ. ಜರ್ಮನಿಯ ಎಹ್ರ್ಲಿಖ್ ಆ ವೇಳೆಗೆ ಆರ್ಸೆನಿಕ್ಕನ್ನು, ಎಂದರೆ ಪಾಷಾಣದ ಧಾತುವನ್ನು, ಇಂಗಾಲದ ಸಂಯುಕ್ತದಲ್ಲಿ ಬಂಧಿಸಿ ಉಪದಂಶ ರೋಗಕ್ಕೆ ಮದ್ದು ಮಾಡಿದ್ದರು. ಧಾತುಗಳ ಕೋಷ್ಟಕದಲ್ಲಿ ಆರ್ಸೆನಿಕ್ಕೂ ಆಂಟಿಮನಿಯೂ ಒಂದೇ ಕಂಬಸಾಲಿನ ದಾಯಾದಿಗಳು. ಒಂದರಲ್ಲಿ ಸಾಧ್ಯವಾದದ್ದು ಇನ್ನೊಂದರಲ್ಲಿ ಏಕಾಗಬಾರದು? ಬರಿಯ ಲವಣವಾಗಿ ಮೈಯನ್ನು ಸುಡುವ ಆಂಟಿಮನಿಯನ್ನು ಅಂಥದೇ ಸಂಯುಕ್ತದೊಳಗೆ ಕಟ್ಟಿಹಾಕಿದರೆ ರೋಗಾಣುವಿಗೆ ಉಗ್ರವಾಗಿ, ರೋಗಿಗೆ ಸೌಮ್ಯವಾಗಿ ಅದು ವರ್ತಿಸಬಹುದಲ್ಲವೇ? ತರ್ಕ ಸರಳವಾಗಿ ಕಾಣುತ್ತದೆ. ಅದನ್ನು ಸೀಸೆಯಲ್ಲಿ ಇಳಿಸುವುದು ಸರಳವಾಗಿರಲಿಲ್ಲ.

1919ರ ಕೊನೆಯಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಅವರಿಗೆ ಸ್ವಲ್ಪ ಧನಸಹಾಯ ನೀಡಿತು. ಕೆಲಸ ಮಾಡಲು ಇದ್ದದ್ದು ಕ್ಯಾಂಬೆಲ್ ಆಸ್ಪತ್ರೆಯ ಒಂದು ಸಣ್ಣ ಕೋಣೆ. ಅಲ್ಲಿ ನೀರಿನ ನಲ್ಲಿಯಿಲ್ಲ, ಉರಿಸಲು ಅನಿಲವಿಲ್ಲ, ವಿದ್ಯುತ್ತಿಲ್ಲ. ಹಗಲೆಲ್ಲ ರೋಗಿಗಳು ಮತ್ತು ವಿದ್ಯಾರ್ಥಿಗಳು. ರಾತ್ರಿ ಸೀಮೆಎಣ್ಣೆಯ ದೀಪದ ಬೆಳಕಿನಲ್ಲಿ ಪ್ರಯೋಗ. ಒಂದಾದ ಮೇಲೊಂದು ಸಂಯುಕ್ತವನ್ನು ಅವರು ತಯಾರಿಸಿ ನೋಡಿದರು. ಪುಡಿಗಿಂತ ಪುಡಿಯಾದ ಶುದ್ಧ ಆಂಟಿಮನಿಯಿಂದ ಆರಂಭಿಸಿ, ಕೊನೆಗೆ ಇಂಗಾಲದ ಬಳೆಗೆ ಆಂಟಿಮನಿಯನ್ನು ಜೋಡಿಸಿದ ಒಂದು ಆಮ್ಲದವರೆಗೆ ಬಂದರು. ಆ ಆಮ್ಲಕ್ಕೆ ಯೂರಿಯಾವನ್ನು ಕೂಡಿಸಿದಾಗ, 1920ರಲ್ಲಿ, ಯೂರಿಯಾ ಸ್ಟಿಬಮೈನ್ ಹುಟ್ಟಿತು. ದಿನವಿಡೀ ದುಡಿದ ಮೇಲೆ ಒಂದು ರಾತ್ರಿ ಹತ್ತರ ಸುಮಾರಿಗೆ, ದೀಪದ ಹೊಗೆ ತುಂಬಿದ ಆ ಕೋಣೆಯಲ್ಲಿ ತಮ್ಮ ಪ್ರಯೋಗ ಫಲಿಸಿದ್ದನ್ನು ಕಂಡ ಸಂತೋಷವನ್ನು ಅವರು ವೃದ್ಧಾಪ್ಯದಲ್ಲೂ ನೆನೆಯುತ್ತಿದ್ದರು. ಆ ಕೋಣೆ ತಮಗೆ ಎಂದೆಂದಿಗೂ ತೀರ್ಥಕ್ಷೇತ್ರವೆಂದು ಬರೆದಿಟ್ಟಿದ್ದಾರೆ.

ಸಂತೋಷ ಅವರನ್ನು ಅವಸರಕ್ಕೆ ಎಳೆಯಲಿಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಮೊದಲು ಪ್ರಾಣಿಗಳಲ್ಲಿ ಔಷಧದ ವಿಷಶಕ್ತಿಯನ್ನು ಅಳೆದು ನೋಡಿದರು. ಅನಂತರವೇ ವಾರ್ಡಿನ ರೋಗಿಗಳಿಗೆ ಕೊಟ್ಟರು. 1922ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯಲ್ಲಿ ಅವರು ಮಂಡಿಸಿದ್ದು ಕೇವಲ 8 ರೋಗಿಗಳ ವೃತ್ತಾಂತ. ಆದರೆ ಆ ಎಂಟು ಜನ ಗುಣ ಹೊಂದಿದ್ದು ತಿಂಗಳುಗಳಲ್ಲಿ ಅಲ್ಲ, ವಾರಗಳಲ್ಲಿ.

ಅದೇ ವರ್ಷ ಅವರ ಕಣ್ಣಿಗೆ ಇನ್ನೊಂದು ಬಿದ್ದಿತು. ಕಾಲಾ ಆಜಾರಿನಿಂದ ಗುಣವಾಗಿ ಹೋಗಿದ್ದ ಕೆಲವರು ಮುಖದಲ್ಲಿ, ಮೈಯಲ್ಲಿ ಗಂಟುಗಳೂ ಬಿಳಿಯ ಮಚ್ಚೆಗಳೂ ಎದ್ದು ಮರಳಿ ಬಂದರು. ನೋಡಿದವರು ಕುಷ್ಠವೆಂದು ಭ್ರಮಿಸಬಹುದಾದ ರೂಪ. ಬ್ರಹ್ಮಚಾರಿಗಳು ಆ ಗಂಟನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರು. ಒಳಗಿದ್ದದ್ದು ಹಳೆಯ ಶತ್ರುವೇ. ಗುಲ್ಮದಿಂದ ಓಡಿಸಲ್ಪಟ್ಟ ರೋಗಾಣು ಚರ್ಮದಲ್ಲಿ ಮರೆಗೊಂಡಿತ್ತು. ಚರ್ಮವೈದ್ಯಕ್ಕೆ ಹೊಸತಾದ ಈ ರೋಗವನ್ನು ಮೊದಲು ಗುರುತಿಸಿದವರು ಅವರೇ. ತಮ್ಮ ಔಷಧದ ಕೀರ್ತಿ ಏರುತ್ತಿದ್ದ ಕಾಲದಲ್ಲೇ, ಗುಣವಾದವನಲ್ಲೂ ರೋಗ ಉಳಿದಿರಬಹುದೆಂದು ಲೋಕಕ್ಕೆ ಸಾರಿದ ಈ ಪ್ರಾಮಾಣಿಕತೆಯನ್ನು ನಾನು ಔಷಧದ ಶೋಧಕ್ಕಿಂತ ಕಡಮೆಯದೆಂದು ಎಣಿಸಲಾರೆ. ಇಂಥ ರೋಗಿಗಳೇ ಗ್ರಾಮಗಳಲ್ಲಿ ರೋಗದ ಬೀಜವನ್ನು ಉಳಿಸಿಕೊಂಡು ಬರುತ್ತಾರೆಂಬುದು ಇಂದು ಒಪ್ಪಿತವಾದ ಸಂಗತಿ.

ಷಿಲ್ಲಾಂಗಿನ ಪಾಶ್ಚರ್ ಸಂಸ್ಥೆಯ ಶಾರ್ಟ್ ಅವರು ಹೊಸ ಔಷಧವನ್ನು ಪರೀಕ್ಷಿಸಿ ಮೆಚ್ಚಿದರು. ಅಸ್ಸಾಮಿನ ಹಳ್ಳಿಹಳ್ಳಿಯ ಔಷಧಾಲಯಗಳಿಗೆ ಅದು ಹರಿಯಿತು. ಅಲ್ಲಿ ಉಳಿದ ಪ್ರಾಣಗಳನ್ನು ಆ ಕಾಲದ ಸರಕಾರಿ ವರದಿಗಳು ಲಕ್ಷಗಳಲ್ಲಿ ಎಣಿಸಿದವು. ಈ ಯಶಸ್ಸಿನಲ್ಲಿ ಹಳ್ಳಿಗಳನ್ನು ಅಲೆದ ಹೆಸರಿಲ್ಲದ ಕಿರಿಯ ವೈದ್ಯರ ಪಾಲೂ ಇದೆ. ಕ್ಯಾಂಬೆಲ್‌ನಂಥ ಶಾಲೆಗಳು ತಯಾರಿಸುತ್ತಿದ್ದುದು ಇಂಥವರನ್ನೇ.

ಮನ್ನಣೆಯ ವಿಷಯದಲ್ಲಿ ಕಾಲ ಅವರಿಗೆ ಅರ್ಧ ತೆರೆದ ಬಾಗಿಲಾಯಿತು. 1924ರಲ್ಲಿ ಕೈಸರ್-ಇ-ಹಿಂದ್ ಚಿನ್ನದ ಪದಕ ಬಂದಿತು. 1934ರಲ್ಲಿ ಸರ್ ಪದವಿ ಬಂದಿತು. 1936ರಲ್ಲಿ ಇಂದೂರಿನಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಅಧ್ಯಕ್ಷಪೀಠ ದೊರೆಯಿತು. 1929ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಸೂಚಿತವಾಯಿತು, ಪಾರಿತೋಷಕ ಬರಲಿಲ್ಲ. ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವವೂ ಬರಲಿಲ್ಲ. ಇದಕ್ಕಾಗಿ ಅವರ ಅಭಿಮಾನಿಗಳು ಇಂದಿಗೂ ನೊಂದುಕೊಳ್ಳುತ್ತಾರೆ, ನೋವು ಸಹಜ. ಆದರೆ ಅವರ ಮಹತ್ತ್ವವನ್ನು ಬಾರದ ಪದಕಗಳಿಂದ ಅಳೆಯಹೊರಟರೆ ನಾವೂ ಆ ಪದಕಗಳನ್ನು ಕೊಡದವರ ತಕ್ಕಡಿಯನ್ನೇ ಹಿಡಿದಂತಾಗುತ್ತದೆ.

1923ರಲ್ಲಿ ಅವರು ಮೆಡಿಕಲ್ ಕಾಲೇಜು ಆಸ್ಪತ್ರೆಗೆ ವರ್ಗವಾಗಿ, 1927ರಲ್ಲಿ ಸರಕಾರಿ ಸೇವೆಯಿಂದ ನಿವೃತ್ತರಾದರು. ಆಮೇಲೂ ಕಾರ್‌ಮೈಕೇಲ್ ವೈದ್ಯ ಕಾಲೇಜಿನಲ್ಲಿ ಉಷ್ಣವಲಯದ ರೋಗಗಳನ್ನು ಬೋಧಿಸಿದರು. ತಮ್ಮದೇ ಸಂಶೋಧನ ಸಂಸ್ಥೆಯನ್ನು ನಡೆಸಿದರು. 1928ರಲ್ಲಿ ಕಾಲಾ ಆಜಾರನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದರು. 1939ರಲ್ಲಿ ಕಲ್ಕತ್ತೆಯಲ್ಲಿ ರಕ್ತನಿಧಿ ಸ್ಥಾಪನೆಯಾದಾಗ ಮುಂದೆ ನಿಂತವರಲ್ಲಿ ಅವರೊಬ್ಬರು. ರಕ್ತಕಣಗಳ ಮೇಲೆ ಪ್ರಬಂಧ ಬರೆದ ತರುಣನು ಮುಪ್ಪಿನಲ್ಲಿ ಮತ್ತೆ ರಕ್ತದ ಬಳಿಗೇ ಬಂದಂತಾಯಿತು. 1942ರಲ್ಲಿ ಸ್ವಾಮಿನಾಥ್, ಶಾರ್ಟ್, ಆಂಡರ್ಸನ್ ಎಂಬವರು ಈ ರೋಗವನ್ನು ಹರಡುವುದು ಮರಳುನೊಣವೆಂದು ಸಿದ್ಧಪಡಿಸಿದರು. ತಾವು ಹೋರಾಡಿದ ರೋಗದ ದಾರಿ ತಿಳಿದದ್ದನ್ನು ಅವರು ಬದುಕಿದ್ದಾಗಲೇ ಕಂಡರು. 1946ರ ಫೆಬ್ರವರಿ 6ರಂದು ಅವರ ಜೀವಿತ ಮುಗಿಯಿತು.

ಅವರ ಔಷಧ ಈಗ ಬಳಕೆಯಲ್ಲಿಲ್ಲ. ಆಂಟಿಮನಿಯದೇ ಬೇರೆ ಸಂಯುಕ್ತಗಳು ಅದರ ಸ್ಥಾನಕ್ಕೆ ಬಂದವು. ಬಿಹಾರದ ರೋಗಾಣುಗಳು ಅವಕ್ಕೂ ಮಣಿಯದಾದಾಗ ಆಂಟಿಮನಿಯಿಲ್ಲದ ಮದ್ದುಗಳು ಬಂದವು. 2023ರಲ್ಲಿ ಬಾಂಗ್ಲಾದೇಶವು ಈ ರೋಗವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆಯ ಮಟ್ಟದಿಂದ ಕೆಳಗಿಳಿಸಿದ ಮೊದಲ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು. ಬ್ರಹ್ಮಚಾರಿಗಳು ಮೊದಲು ಪಾಠ ಹೇಳಿದ ಢಾಕಾ ಆ ದೇಶದ ರಾಜಧಾನಿ. ಭಾರತದಲ್ಲೂ ರೋಗಿಗಳ ಸಂಖ್ಯೆ ಬಹಳ ಇಳಿದಿದೆ.

ಕಾವ್ಯಕ್ಕೂ ಔಷಧಕ್ಕೂ ಇರುವ ಅಂತರ ನನಗೆ ಇಲ್ಲಿ ತೋರುತ್ತದೆ. ಹಳೆಯ ಕಾವ್ಯವನ್ನು ಹೊಸ ಕಾವ್ಯ ಅಳಿಸುವುದಿಲ್ಲ. ಪಂಪನ ಮೇಲೆ ಕುಮಾರವ್ಯಾಸ ಬಂದರೂ ಪಂಪ ಪಂಪನೇ. ಔಷಧದ ಗತಿ ಹಾಗಲ್ಲ. ಅದು ತನ್ನ ಕೆಲಸ ಮಾಡಿ, ತನಗಿಂತ ಉತ್ತಮವಾದುದಕ್ಕೆ ಎಡೆಬಿಟ್ಟು ಹಿಂದೆ ಸರಿಯಬೇಕು. ಅದನ್ನು ಸೃಷ್ಟಿಸಿದವನ ಹೆಸರು ಔಷಧದೊಡನೆ ಮರೆಯಾಗುವ ಅಪಾಯ ಯಾವಾಗಲೂ ಉಂಟು. ಕಲ್ಕತ್ತೆಯಲ್ಲಿ ಒಂದು ಬೀದಿ ಈಗ ಅವರ ಹೆಸರನ್ನು ಹೊತ್ತಿದೆ; ಕ್ಯಾಂಬೆಲ್ ಶಾಲೆ ನೀಲರತನ ಸರ್ಕಾರರ ಹೆಸರಿನ ವೈದ್ಯ ಕಾಲೇಜಾಗಿ ಬೆಳೆದು ನಿಂತಿದೆ. ಅಲ್ಲಿಂದ ದೂರದಲ್ಲಿರುವ ನಮಗೆ ಉಳಿಯುವುದು ಅವರು ಕೆಲಸ ಮಾಡಿದ ಬಗೆ. ಸಲಕರಣೆ ಬರಲಿ, ದೊಡ್ಡ ಸಂಸ್ಥೆ ಕರೆಯಲಿ ಎಂದು ಅವರು ಕಾದು ಕೂರಲಿಲ್ಲ. ಕಣ್ಣೆದುರು ಸಾಯುತ್ತಿದ್ದ ರೋಗಿಗೂ ಕಾಯಲು ಕಾಲವಿರಲಿಲ್ಲ. ನಮ್ಮ ಜಿಲ್ಲಾ ಆಸ್ಪತ್ರೆಗಳ ವಾರ್ಡುಗಳಲ್ಲಿ ಇಂದೂ ದಿನಂಪ್ರತಿ ನೂರಾರು ವೃತ್ತಾಂತಗಳು ಚೀಟಿಗಳ ಮೇಲೆ ಬರೆಯಲ್ಪಟ್ಟು ಕಟ್ಟುಗಳಾಗಿ ಮೂಲೆ ಸೇರುತ್ತವೆ. ಅವುಗಳಲ್ಲಿ ಎಂಟನ್ನು ಆಯ್ದು ಎಚ್ಚರದಿಂದ ಓದುವ ತರುಣನೊಬ್ಬ ನಮ್ಮ ವಿದ್ಯಾರ್ಥಿಗಳಲ್ಲೇ ಇದ್ದಾನು.