ಗಡಿ ದಾಟಿದ ಧ್ವನಿ: ಪಾಲ್ ರೋಬ್ಸನ್

ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಗಳಿಸುವ ವಿದ್ಯಾರ್ಥಿಗಳನ್ನು ನಾವು ಪ್ರತಿವರ್ಷವೂ ನೋಡುತ್ತೇವೆ. ಚಪ್ಪಾಳೆ ನಿಂತ ಮೇಲೆ ಆ ಮಾತುಗಳು ಏನಾಗುತ್ತವೆ? ವೇದಿಕೆಯಲ್ಲಿ ಆಡಿದ್ದನ್ನು ಬದುಕಿನಲ್ಲೂ ಉಳಿಸಿಕೊಂಡ ಒಬ್ಬರು ಅಮೆರಿಕದ ಗಾಯಕ, ನಟ ಪಾಲ್ ರೋಬ್ಸನ್.

ಅವರು ಜನಿಸಿದ್ದು 1898ರ ಏಪ್ರಿಲ್ 9ರಂದು, ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ. ತಂದೆ ವಿಲಿಯಂ ರೋಬ್ಸನ್ ಗುಲಾಮರಾಗಿ ಹುಟ್ಟಿ, ಹದಿಹರೆಯದಲ್ಲಿ ತಪ್ಪಿಸಿಕೊಂಡು, ಕಷ್ಟಪಟ್ಟು ಓದಿ ಪಾದ್ರಿಯಾದವರು. 1904ರಲ್ಲಿ ತಾಯಿ ಬೆಂಕಿ ಆಕಸ್ಮಿಕದಲ್ಲಿ ತೀರಿಕೊಂಡರು. ತಾಯಿಯಿಲ್ಲದ ಮಗನನ್ನು ಎದುರು ಕೂರಿಸಿಕೊಂಡು ತಂದೆ ಪಾಠ ಒಪ್ಪಿಸಿಕೊಳ್ಳುತ್ತಿದ್ದರು, ಉಚ್ಚಾರಣೆ ತಿದ್ದುತ್ತಿದ್ದರು. ಪಾಲ್ ಅವರ ಮೊದಲ ಭಾಷಣ ಗುರು ಅವರೇ.

1915ರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ವಿದ್ಯಾರ್ಥಿವೇತನ ಗೆದ್ದು ಪಾಲ್ ರಟ್ಗರ್ಸ್ ಕಾಲೇಜು ಸೇರಿದರು. ಆಗ ಅಲ್ಲಿ ಬೇರೆ ಕಪ್ಪು ವಿದ್ಯಾರ್ಥಿಗಳಿರಲಿಲ್ಲ. ಫುಟ್‌ಬಾಲ್ ಅಭ್ಯಾಸಕ್ಕೆ ಹೋದಾಗ ಬಿಳಿಯ ಸಹಪಾಠಿಗಳು ಅವರ ಮೂಗು ಮುರಿದರು. 1916ರಲ್ಲಿ ಕಪ್ಪು ಆಟಗಾರನ ಎದುರು ಆಡುವುದಿಲ್ಲವೆಂದು ಎದುರಾಳಿ ತಂಡ ಹಟ ಹಿಡಿದಾಗ ಸ್ವಂತ ಕಾಲೇಜೇ ಅವರನ್ನು ಹೊರಗೆ ಕೂರಿಸಿತು. ಅವರು ಮೈದಾನ ಬಿಡಲಿಲ್ಲ, ಓದನ್ನೂ ಬಿಡಲಿಲ್ಲ. ವರ್ಷ ವರ್ಷವೂ ಭಾಷಣದ ಬಹುಮಾನ ಅವರದಾಯಿತು. 1918ರ ಮೇ ತಿಂಗಳಲ್ಲಿ ತಂದೆ ನಿಧನರಾದರು. ಕೆಲವೇ ದಿನಗಳಲ್ಲಿ ಸ್ಪರ್ಧೆಯಿತ್ತು. ತಂದೆಯ ಇಚ್ಛೆಯಂತೆ ಮಗ ವೇದಿಕೆ ಹತ್ತಿ ಪ್ರಥಮ ಬಹುಮಾನ ಪಡೆದರು. 1919ರ ಪದವಿ ಪ್ರದಾನ ಸಮಾರಂಭದಲ್ಲಿ ಮಾತನಾಡುವ ಗೌರವವೂ ಅವರಿಗೆ ದೊರೆಯಿತು. ತನ್ನ ಜನರಿಗೆ ಸಮಾನ ಅವಕಾಶ ಸಿಗಬೇಕು ಎಂಬುದೇ ಅಂದಿನ ಮಾತಿನ ತಿರುಳು.

ನಂತರ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದರು. ಆದರೆ ಕಚೇರಿಯ ಬಿಳಿಯ ಕಾರ್ಯದರ್ಶಿ ಅವರು ಹೇಳಿದ್ದನ್ನು ಬರೆದುಕೊಳ್ಳಲು ಒಪ್ಪಲಿಲ್ಲ. ವಕೀಲಿಯನ್ನು ಬಿಟ್ಟು ರಂಗಭೂಮಿಗೆ ಬಂದರು. ಲಂಡನ್ನಿನಲ್ಲಿ 1930ರಲ್ಲಿ, ನ್ಯೂಯಾರ್ಕಿನಲ್ಲಿ 1943ರಲ್ಲಿ ಒಥೆಲೊ ಪಾತ್ರ ಮಾಡಿ ಜಗತ್ಪ್ರಸಿದ್ಧರಾದರು.

ಕೀರ್ತಿ ಬಂದ ಮೇಲೆ ಸುಮ್ಮನಿದ್ದಿದ್ದರೆ ಸುಖವಾಗಿರಬಹುದಿತ್ತು. ಅವರು ಕಪ್ಪು ಜನರ ಹತ್ಯೆಗಳ ವಿರುದ್ಧ, ವಸಾಹತುಶಾಹಿಯ ವಿರುದ್ಧ, ಕಾರ್ಮಿಕರ ಪರ ಮಾತನಾಡಿದರು. ಸೋವಿಯತ್ ಒಕ್ಕೂಟವನ್ನು ಮೆಚ್ಚಿದ ಅವರು ಸ್ಟಾಲಿನ್ ಆಡಳಿತದ ಕ್ರೌರ್ಯವನ್ನು ಬಹಿರಂಗವಾಗಿ ಖಂಡಿಸಲಿಲ್ಲ. ಇದು ಅವರ ಬದುಕಿನ ದೊಡ್ಡ ಕೊರತೆ. 1950ರಲ್ಲಿ ಸರ್ಕಾರ ಅವರ ಪಾಸ್‌ಪೋರ್ಟ್ ರದ್ದುಪಡಿಸಿತು. ತಾನು ಕಮ್ಯುನಿಸ್ಟ್ ಅಲ್ಲವೆಂದು ಪ್ರಮಾಣಪತ್ರ ಬರೆದುಕೊಡಲು ಅವರು ಒಪ್ಪಲಿಲ್ಲ. ಅದನ್ನು ಕೇಳುವ ಹಕ್ಕು ಸರ್ಕಾರಕ್ಕಿಲ್ಲ ಎಂಬುದು ಅವರ ನಿಲುವು. ಸಭಾಂಗಣಗಳು ಮುಚ್ಚಿದವು, ಆದಾಯ ಕುಸಿಯಿತು. 1952ರಲ್ಲಿ ಕೆನಡಾ ಗಡಿಯಲ್ಲಿ ಲಾರಿಯ ಮೇಲೆ ನಿಂತು ಆಚೆಗಿನ ಜನರಿಗಾಗಿ ಹಾಡಿದರು. 1957ರಲ್ಲಿ ದೂರವಾಣಿ ತಂತಿಯ ಮೂಲಕ ಲಂಡನ್ನಿನ ಸಭೆಗೆ ಹಾಡಿದರು. 1958ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಫಲವಾಗಿ ಪಾಸ್‌ಪೋರ್ಟ್ ಮರಳಿ ಸಿಕ್ಕಿತು. ಆ ಹೊತ್ತಿಗೆ ಎಂಟು ವರ್ಷಗಳು ಕಳೆದುಹೋಗಿದ್ದವು. ಮುಂದೆ ಆರೋಗ್ಯ ಕೆಟ್ಟು, 1976ರ ಜನವರಿ 23ರಂದು ಅವರು ನಿಧನರಾದರು.

ಪ್ರಿಯ ವಿದ್ಯಾರ್ಥಿಗಳೇ, ಮಾತಿನ ಕಲೆಯನ್ನು ಅಭ್ಯಾಸದಿಂದ ಯಾರು ಬೇಕಾದರೂ ಗಳಿಸಬಹುದು. ಅದನ್ನು ಯಾರಿಗಾಗಿ ಬಳಸಬೇಕು, ಅದಕ್ಕಾಗಿ ಎಷ್ಟು ಕಳೆದುಕೊಳ್ಳಲು ಸಿದ್ಧರಿರಬೇಕು ಎಂಬುದನ್ನು ಯಾವ ತೀರ್ಪುಗಾರರೂ ಹೇಳಿಕೊಡಲಾರರು. ಅದನ್ನು ನಾವೇ ತೀರ್ಮಾನಿಸಬೇಕು.